ಉಗುರು ಕತ್ತರಿಸೋಕೂ ಸರ್ಕಾರಿ ಪರೀಕ್ಷೆಯೇ?



ಹೋದ ಬೇಸಿಗೆಯಲ್ಲಿ ಅಪ್ಪ-ಅಮ್ಮ ದಾವಣಗೆರೆಯಿಂದ ಸ್ಟುಟ್‌ಗಾರ್ಟಿನ ನಮ್ಮ ಮನೆಗೆ ಬಂದಿದ್ದರು. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಗ್ಗಿ ಕಾಲಿನ ಉಗುರು ತೆಗೆದುಕೊಳ್ಳೋದು ಈಗ ಕಷ್ಟ. ಮನೆ ಹತ್ತಿರದ ಸೂಪರ್ ಮಾರ್ಕೆಟ್ ಪಕ್ಕದಲ್ಲಿ 'ಫೂಸ್‌ಫ್ಲೇಗೆ', ಅಂದರೆ ಪಾದದ ಆರೈಕೆ, ಅನ್ನೋ ಬೋರ್ಡು ನೋಡಿದ್ದೆ. ಅಲ್ಲಿಗೇ ಕರೆದುಕೊಂಡು ಹೋದೆ. ಅಂಗಡಿಯಾಕೆ ಮೊದಲು ಕೇಳಿದ್ದೇ "ಡಯಾಬಿಟಿಸ್ ಇದೆಯಾ?" ಅಂತ. ಹೌದು ಅಂದದ್ದೇ ತಡ, ಕತ್ತರಿ ಕೆಳಗಿಟ್ಟು, "ನಾನು ಮುಟ್ಟೋದಿಲ್ಲ, ಪೊಡೊಲೋಗಿನ್ ಹತ್ತಿರ ಹೋಗಿ" ಅಂದು ವಿಳಾಸ ಬರೆದುಕೊಟ್ಟಳು.

ದಾರಿಯಲ್ಲಿ ಅಪ್ಪ ನಕ್ಕರು. "ಅಲ್ಲೋ, ಉಗುರು ಕತ್ತರಿಸೋಕೂ ಇಲ್ಲಿ ಸರ್ಕಾರಿ ಪರೀಕ್ಷೆ ಪಾಸಾಗ್ಬೇಕೇನೋ?" ನಾನೂ ನಕ್ಕೆ. ಎಲ್ಲದಕ್ಕೂ ಒಂದು ಫಾರ್ಮು, ಒಂದು ಠಸ್ಸೆ ಕೇಳುವ ಈ ದೇಶದಲ್ಲಿ ಇದ್ದರೂ ಇರಬಹುದು ಅಂದುಕೊಂಡೆ.

ಎರಡು ವಾರ ಕಾದ ಮೇಲೆ ಪೊಡೊಲೋಗಿನ್ ಹತ್ತಿರ ಹೋದೆವು. ಆಕೆ ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಸಣ್ಣ ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಒತ್ತಿದರು. ಎಷ್ಟೋ ಕಡೆ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಹೆಬ್ಬೆರಳ ಬುಡದಲ್ಲಿ ದಡ್ಡುಗಟ್ಟಿದ ಚರ್ಮವನ್ನು ಮೆಲ್ಲಗೆ ತೆಗೆದರೆ ಒಳಗೊಂದು ಹುಣ್ಣು! ಅಪ್ಪ ಅದರ ಮೇಲೇ ದಿನಾ ವಾಕಿಂಗ್ ಹೋಗುತ್ತಿದ್ದರು, ನೋವಿಲ್ಲದೆ. ಅಂದೇ ಡಾಕ್ಟರ ಬಳಿ ಕಳಿಸಿದರು. ಹುಣ್ಣು ಮಾಯಲು ಆರು ವಾರ ಹಿಡಿಯಿತು. ಯಾರೂ ನೋಡದೇ ಇದ್ದಿದ್ದರೆ ಏನಾಗುತ್ತಿತ್ತೋ, ಬರೆಯಲು ಮನಸ್ಸಿಲ್ಲ.

ಆಮೇಲೆ ಕುತೂಹಲಕ್ಕೆ ಕಾನೂನು ಓದಿದೆ. ಅಪ್ಪ ತಮಾಷೆಗೆ ಹೇಳಿದ್ದು ನಿಜವೇ! ಜರ್ಮನಿಯಲ್ಲಿ 2002ರ ಜನವರಿ 2ರಿಂದ ಪೊಡೊಲೋಗ್ ಕಾಯಿದೆ ಜಾರಿಯಲ್ಲಿದೆ. ಎಸ್ಸೆಸ್ಸೆಲ್ಸಿಗೆ ಸಮನಾದ ಹತ್ತು ವರ್ಷದ ಓದು ಇದ್ದವರು ಎರಡು ವರ್ಷ ಪೂರ್ಣಾವಧಿ ತರಬೇತಿ ಪಡೆಯಬೇಕು. ಅರೆಕಾಲಿಕವಾದರೆ ನಾಲ್ಕು ವರ್ಷದವರೆಗೂ ಹಿಡಿಯಬಹುದು. ಶಾಲೆಯಲ್ಲಿ 2,000 ಗಂಟೆ ಪಾಠ, ಅದರ ಜೊತೆ 1,000 ಗಂಟೆ ರೋಗಿಗಳ ಮೇಲೆ ಪ್ರಾಯೋಗಿಕ ಕೆಲಸ. ಕೊನೆಗೆ ಬರಹ, ಮೌಖಿಕ, ಪ್ರಾಯೋಗಿಕ, ಹೀಗೆ ಮೂರು ಭಾಗದ ಸರ್ಕಾರಿ ಪರೀಕ್ಷೆ. ಪಾಸಾದರೂ ಸಾಲದು, ಆರೋಗ್ಯ, ನಡತೆ, ಜರ್ಮನ್ ಭಾಷೆ ಎಲ್ಲ ಸರಿ ಇದ್ದರೆ ಮಾತ್ರ ಆ ಹೆಸರು ಬಳಸಲು ಅನುಮತಿ. ವಿಮಾ ಸಂಸ್ಥೆಗೆ ಬಿಲ್ ಕಳಿಸಬೇಕಾದರೆ ಕ್ಲಿನಿಕ್ಕಿಗೆ ಬೇರೆಯದೇ ಮಾನ್ಯತೆ ಬೇಕು.

ಇಷ್ಟೆಲ್ಲ ಅತಿಯಾಯಿತು ಅನ್ನುವವರಿದ್ದಾರೆ. ಅಪಾಯಿಂಟ್‌ಮೆಂಟಿಗೆ ಕಾಯಬೇಕು, ಎರಡು ವರ್ಷ ಸಂಪಾದನೆ ಬಿಟ್ಟು ಓದೋರು ಯಾರು ಅಂತ ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ, ಆದರೂ ನಾನು ಒಪ್ಪುವುದಿಲ್ಲ. ನನ್ನ ಕೋಡಿನಲ್ಲಿ ಬಗ್ ಇದ್ದರೆ ನಾಳೆ ಪ್ಯಾಚ್ ಹಾಕಬಹುದು. ಹೋದ ಬೆರಳಿಗೆ ಪ್ಯಾಚ್ ಇಲ್ಲ. ನಿಜ ಹೇಳಬೇಕೆಂದರೆ ಕಾನೂನು ಇನ್ನೂ ಬಿಗಿಯಾಗಬೇಕಿತ್ತು. ಅದು ಕಾಪಾಡುವುದು 'ಪೊಡೊಲೋಗ್', 'ವೈದ್ಯಕೀಯ ಪಾದ ಆರೈಕೆಗಾರ' ಎಂಬ ಹೆಸರುಗಳನ್ನು. ಬರೀ 'ಫೂಸ್‌ಫ್ಲೇಗೆ' ಅಂತ ಬೋರ್ಡು ಹಾಕಲು ಈ ಪರೀಕ್ಷೆ ಬೇಕಿಲ್ಲ. ನಮಗೆ ಸಿಕ್ಕಾಕೆ ಪ್ರಾಮಾಣಿಕಳು, ಕೈ ಹಿಂದೆ ತೆಗೆದುಕೊಂಡಳು. ಎಲ್ಲರೂ ಹಾಗೇ ಇರುತ್ತಾರೆಂದು ನಂಬಿ ಅಪ್ಪನ ಕಾಲು ಒಡ್ಡಲಾದೀತೇ?

ಇನ್ನು ಮನೆಯ ವಿಷಯ. ನನ್ನ ಹೆಂಡತಿ ಮೈಕ್ರೋಬಯಾಲಜಿಯಲ್ಲಿ ಬಿಎಸ್ಸಿ. ಇಲ್ಲಿಗೆ ಬಂದು ಏಳು ವರ್ಷ. ಜರ್ಮನ್ ಬಿ-2 ಮುಗಿಸಿದ್ದಾಳೆ, ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲ. ಅಪ್ಪನ ಜೊತೆ ಎರಡನೇ ಸಲ ಹೋದವಳು ಆ ಕ್ಲಿನಿಕ್ಕಿನಲ್ಲಿ ಒಂದು ಗಂಟೆ ಮಾತಾಡಿಕೊಂಡು ಬಂದಳು. "ಪಠ್ಯದಲ್ಲಿ ಹೈಜೀನ್, ಮೈಕ್ರೋಬಯಾಲಜಿ ಎಲ್ಲಾ ಇದೆ ರೀ, ನಾನು ಇದನ್ನೇ ಓದ್ತೀನಿ" ಅಂದಳು. ಸುಳ್ಳೇಕೆ ಹೇಳಲಿ, ನನ್ನ ಬಾಯಿಂದ ಮೊದಲು ಬಂದದ್ದು "ಜನ ಏನಂತಾರೆ?" ಎಂಬ ಮಾತು. ಊರಿಗೆ ಫೋನ್ ಮಾಡಿದರೆ ಅತ್ತೆಯವರೂ ಅದನ್ನೇ ಅಂದರು: "ಅಷ್ಟು ಓದಿಸಿದ್ದು ಬೇರೆಯವರ ಕಾಲು ಹಿಡಿಯೋಕಾ?"

ನಮ್ಮ ಭಾಷೆಯಲ್ಲೇ ನೋಡಿ, ಕಾಲು ಹಿಡಿಯೋದು ಎಂದರೆ ಅಂಗಲಾಚೋದು. ಯುಗಾದಿಗೆ ಹಿರಿಯರ ಪಾದ ಮುಟ್ಟಿ ನಮಸ್ಕಾರ ಮಾಡುತ್ತೇವೆ. ಅದೇ ಪಾದದ ಹುಣ್ಣು ತೊಳೆಯುವ ಕೆಲಸ ಕೀಳು! ಈ ಲೆಕ್ಕ ನನಗೆ ಈಗ ಅರ್ಥವಾಗುತ್ತಿಲ್ಲ. ನಮ್ಮ ಮನದಾಟದಿಂದ ಅಳುಕಿದ್ದು ನಾನು, ಅವಳಲ್ಲ. ಇದನ್ನು ಮೊದಲು ಗದರಿದವರು ಅಪ್ಪನೇ: "ಆ ತಾಯಿ ನನ್ನ ಕಾಲು ಹಿಡಿದದ್ದಕ್ಕೇ ಕಾಲು ಉಳೀತು ಕಣೋ. ಸೊಸೆ ಓದ್ಲಿ ಬಿಡು." ಮೊನ್ನೆ ಅರ್ಜಿ ಹಾಕಿದ್ದಾಳೆ.

ನಮ್ಮ ಸಂಘದಲ್ಲಿ ಓದಿಯೂ ಮನೆಯಲ್ಲೇ ಕೂತಿರುವ ಹೆಣ್ಣುಮಕ್ಕಳು ಎಷ್ಟಿಲ್ಲ? ಸಾಫ್ಟ್‌ವೇರ್ ಒಂದೇ ದಾರಿಯಲ್ಲ. ಭಾರತದಲ್ಲಿ ಸಂಬಂಧಪಟ್ಟ ತರಬೇತಿ ಪಡೆದವರು ರಾಜ್ಯದ ಇಲಾಖೆಗೆ ಮಾನ್ಯತೆಗಾಗಿ ಅರ್ಜಿ ಹಾಕಬಹುದು. ಕೊರತೆ ಕಂಡರೆ ಹೆಚ್ಚುವರಿ ತರಬೇತಿ ಅಥವಾ ಪರೀಕ್ಷೆ ಕೇಳುತ್ತಾರೆ. ಹೊಸದಾಗಿ ಸೇರುವವರು ಶಾಲೆಯ ಶುಲ್ಕ ಮೊದಲೇ ವಿಚಾರಿಸಿ.

ಇಲ್ಲೇ ವಿಮೆ ಇರುವ ಸಕ್ಕರೆ ಕಾಯಿಲೆಯವರಿಗೆ ಪಾದಕ್ಕೆ ತೊಂದರೆ ಶುರುವಾಗಿದ್ದರೆ ಡಾಕ್ಟರ ಚೀಟಿಯ ಮೇಲೆ ಪೊಡೊಲೋಗ್ ಚಿಕಿತ್ಸೆ ಸಿಗುತ್ತದೆ, ಕೇಳಿ ಪಡೆಯಿರಿ. ವೀಸಾ ಮೇಲೆ ಬಂದ ಅಪ್ಪ-ಅಮ್ಮಂದಿರಿಗೆ ಆ ಸೌಲಭ್ಯವಿಲ್ಲ. ನಾವು ಕೈಯಿಂದಲೇ ಕೊಟ್ಟೆವು. ಕೊಟ್ಟ ಒಂದೊಂದು ಯೂರೋ ಸಾರ್ಥಕ.

ಈ ಸಲ ಅಪ್ಪ-ಅಮ್ಮ ಬಂದಾಗ ನಮಸ್ಕಾರ ಮಾಡಲು ಬಗ್ಗುತ್ತೀರಲ್ಲ, ಹಾಗೇ ಒಮ್ಮೆ ಅಂಗಾಲನ್ನೂ ನೋಡಿಬಿಡಿ. ಏನಂತೀರಿ?