ಭಾರಕ್ಕೆ ಬಾಗದ ಲೋಹ, ಉಜ್ಜಾಟಕ್ಕೆ ಸೋಲುವುದೇಕೆ?

ಸೊಂಟದ ಕೀಲು ಸವೆದ ವೃದ್ಧರಿಗೆ ವೈದ್ಯರು ಕೃತಕವಾದ ಕೀಲನ್ನು ಜೋಡಿಸುವ ಸಂಗತಿಯನ್ನು ವಾಚಕರು ಬಲ್ಲರು. ತೊಡೆಯ ಎಲುಬಿನೊಳಕ್ಕೆ ಇಳಿಸುವ ದಂಡವು ಅನೇಕ ವೇಳೆ ಟೈಟೇನಿಯಂ ಮಿಶ್ರಲೋಹದ್ದಾಗಿರುವುದು. ಅದರ ತಲೆಯಲ್ಲಿ ತಿರುಗುವ ಗುಂಡು ಮಾತ್ರ ಬೇರೆ ವಸ್ತುವಿನದು. ಅಷ್ಟು ಬಲವಾದ ಲೋಹವು ಗುಂಡಿಗೆ ಏಕೆ ಸಲ್ಲದು? ಇದಕ್ಕೆ ಉತ್ತರವು ಆ ಲೋಹದ ಮೈದೊಗಲಿನಲ್ಲಿಯೇ ಇದೆ.

ನೂರರಲ್ಲಿ 6 ಪಾಲು ಅಲ್ಯೂಮಿನಿಯಮ್ಮನ್ನೂ 4 ಪಾಲು ವೆನೇಡಿಯಮ್ಮನ್ನೂ ಬೆರಸಿದ ಟೈಟೇನಿಯಂ ಉಕ್ಕಿಗಿಂತ ಬಹಳ ಹಗುರ, ಆದರೂ ದೃಢ. ಗಾಳಿ ಸೋಕಿದೊಡನೆ ಅದರ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟುವುದು. ಅದರ ದಪ್ಪವು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಶರೀರದ ಉಪ್ಪುನೀರು ಲೋಹವನ್ನು ತಿನ್ನದಂತೆ ಕಾಯುವುದು ಈ ಪೊರೆಯೇ.

ಆದರೆ ಎದುರಿನ ವಸ್ತು ಒತ್ತಿ ಜಾರಿದಾಗ ಪೊರೆಯು ಹರಿಯುವುದು. ಬರಿಮೈಯಾದ ಲೋಹವು ಎದುರಿನದಕ್ಕೆ ಅಂಟಿ, ಚಲಿಸಿದೊಡನೆ ಕಿತ್ತುಬರುವುದು. ಒಳಗೆ ಆಗುವ ಮಾರ್ಪಾಟು ಇನ್ನೂ ಗಹನವಾದುದು. ಲೋಹವೆಂಬುದು ಸೂಕ್ಷ್ಮವಾದ ಹರಳುಗಳ ರಾಶಿ. ಮೇಲ್ಮೈಯ ಕೆಳಗಣ ಹರಳುಗಳು, ಹೊಳೆಯ ಸೆಳೆತಕ್ಕೆ ಬಾಗಿದ ಜೊಂಡಿನಂತೆ, ಜಾರುವ ದಿಕ್ಕಿಗೆ ಬಾಗಿ ನೀಳವಾಗುವುವು. ಮೇಲಮೇಲಕ್ಕೆ ಬಂದಂತೆ ಒಡೆದು ಅತಿ ಸಣ್ಣವಾಗುವುವು. ಇವುಗಳೊಡನೆ ಆಕ್ಸೈಡಿನ ಚೂರುಗಳೂ ಎದುರು ವಸ್ತುವಿನ ಕಣಗಳೂ ಕಲೆತು ಹೊಸದೊಂದು ಪದರವೇ ಹುಟ್ಟುವುದು. ಅದು ಮೂಲಲೋಹಕ್ಕಿಂತ ಕಠಿನ, ಆದರೆ ಭಿದುರ. ಎಂದರೆ ಬಾಗದೆ ಬಿರಿಯುವ ಸ್ವಭಾವದ್ದು. ಬಿರಿದು ಹಕ್ಕಳೆಯಾಗಿ ಎದ್ದ ಚೂರು ಸಾಣೆಯ ಪುಡಿಯಂತೆ ಮತ್ತೆ ಮೈಯನ್ನು ಉಜ್ಜುವುದು. ಹೀಗೆ ಸವೆತವೇ ಸವೆತವನ್ನು ಹೆರುವುದು. ಕಾವು ಬಹಳ ಏರಿದ ಕೆಲವು ಯಂತ್ರಭಾಗಗಳಲ್ಲಿ ಆಕ್ಸೈಡು ಒತ್ತಾಗಿ ಕುಳಿತು ಕವಚವಾಗುವುದುಂಟು. 37 ಡಿಗ್ರಿಯ ಶರೀರದಲ್ಲಿ ಆ ಭರವಸೆಯಿಲ್ಲ.

1970 ಮತ್ತು 1980ರ ದಶಕಗಳಲ್ಲಿ ಟೈಟೇನಿಯಂ ಗುಂಡುಗಳನ್ನೇ ಇಟ್ಟು ನೋಡಿದ್ದಾಯಿತು. ಗುಂಡಿಗೆ ಗೀರು ಬಿದ್ದು, ಎದುರಿನ ಪ್ಲಾಸ್ಟಿಕ್ ಬಟ್ಟಲು ಸವೆದು, ಕೆಲವರಲ್ಲಿ ಲೋಹದ ಪುಡಿಯಿಂದ ಸುತ್ತಣ ಮಾಂಸವು ಕಪ್ಪಾಯಿತು. ಕೀಲನ್ನು ಮರಳಿ ಬದಲಿಸಬೇಕಾಯಿತು. ಆದುದರಿಂದ ಇಂದು ಗುಂಡಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನೋ ಸೆರಾಮಿಕ್ಕನ್ನೋ ಬಳಸುವರು. ಟೈಟೇನಿಯಮ್ಮನ್ನೇ ಉಜ್ಜಾಟಕ್ಕೆ ಒಡ್ಡಬೇಕಾದ ಯಂತ್ರಭಾಗಗಳಲ್ಲಿ ಅದರ ಮೈಗೆ ನೈಟ್ರೋಜನ್ನನ್ನು ಹೊಗಿಸಿ ಹೊಂಬಣ್ಣದ ಗಟ್ಟಿ ಪದರವನ್ನು ಕಟ್ಟುವುದುಂಟು.

ಭಾರವನ್ನು ತಾಳುವ ಗುಣ ಬೇರೆ, ಉಜ್ಜಾಟವನ್ನು ತಾಳುವ ಗುಣ ಬೇರೆ. ಮನೆಯ ಹಿರಿಯರ ಕೀಲಿಗೆ ವೈದ್ಯರು ಎರಡು ಬಗೆಯ ವಸ್ತುಗಳನ್ನು ಹೇಳಿದರೆ ಗೃಹಸ್ಥರು ಸಂಶಯಪಡಬೇಕಾಗಿಲ್ಲ. ಯಾವ ಭಾಗಕ್ಕೆ ಯಾವುದು, ಏತಕ್ಕೆ ಎಂದು ಕೇಳಿ ತಿಳಿದುಕೊಳ್ಳುವುದು ಮಾತ್ರ ಅವಶ್ಯವಾದುದು.