ಲೇಖನಿಯನ್ನು ಮಾಡಿದ ನಗರ

ಬಾಲ್ ಪೆನ್ನು ಬರುವ ಮುನ್ನ ಶಾಲೆಗೆ ಹೋದವರಿಗೆ ಬೆರಳಿಗಂಟಿದ ಮಸಿಯ ಕಲೆಯ ನೆನಪು ಮಾಸಿರಲಾರದು. ಮಸಿಕುಡಿಕೆಯಲ್ಲಿ ಅದ್ದಿ, ಹೆಚ್ಚಾದುದನ್ನು ಕುಡಿಕೆಯ ಅಂಚಿಗೆ ಒರಸಿ, ಕಾಪಿ ಪುಸ್ತಕದ ಗೆರೆಗಳ ನಡುವೆ ಅಕ್ಷರ ತಿದ್ದಲು ಬಳಸುತ್ತಿದ್ದ ಉಕ್ಕಿನ ನಿಬ್ಬು ಎಲ್ಲಿಂದ ಬಂದ ವಸ್ತುವೆಂದು ವಿಚಾರಿಸಿದವರು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ಬಹುಪಾಲು ಉಕ್ಕಿನ ನಿಬ್ಬುಗಳು ತಯಾರಾಗುತ್ತಿದ್ದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ.

ಈ ನಗರವನ್ನು ಸಾವಿರ ಕಸುಬುಗಳ ಪಟ್ಟಣವೆಂದು ಕರೆಯುವ ವಾಡಿಕೆಯುಂಟು. ಗುಂಡಿ, ಬೀಗ, ಆಭರಣ, ಬಂದೂಕು, ಆವಿಯಂತ್ರ ಇವೆಲ್ಲ ಅಲ್ಲಿಂದ ದೇಶದೇಶಗಳಿಗೆ ಹೋದವು. ಅದರ ಪರಂಪರೆಯನ್ನು ಬಣ್ಣಿಸುವವರು ಬಹುಮಟ್ಟಿಗೆ ಕುಲುಮೆಗಳ ಬಳಿಯೇ ನಿಂತುಬಿಡುತ್ತಾರೆ. ಆದರೆ ಅಲ್ಲಿ ಕುಲುಮೆಯ ಪಕ್ಕದಲ್ಲಿಯೇ ಗ್ರಂಥವೂ ಇದ್ದಿತು. ಇವೆರಡನ್ನು ಅಗಲಿಸಿದಾಗಲೆಲ್ಲ ಆ ನಗರ ಹಾನಿಗೊಳಗಾಯಿತು. ವಿದ್ಯಾಸಂಸ್ಥೆಗಳಲ್ಲಿ ಪಾಠ ಹೇಳುವವರೂ ಅವುಗಳನ್ನು ಪೋಷಿಸುವವರೂ ಮನನ ಮಾಡಬೇಕಾದ ಸಂಗತಿಯಿದು.

ಮೊದಲಿಗೆ ಜಾನ್ ಬಾಸ್ಕರ್‌ವಿಲ್ಲನನ್ನು ನೆನೆಯಬಹುದು. ಆತನು ಬರವಣಿಗೆ ಕಲಿಸುವ ಉಪಾಧ್ಯಾಯನಾಗಿದ್ದವನು, ಸಮಾಧಿಶಿಲೆಗಳ ಮೇಲೆ ಅಕ್ಷರ ಕೆತ್ತಿದವನು. ಪಾತ್ರೆಪರಿಕರಗಳಿಗೆ ಹೊಳಪಿನ ಲೇಪ ಕೊಡುವ ಉದ್ಯಮದಲ್ಲಿ ಸಂಪಾದಿಸಿದ ಧನವನ್ನು ಅಚ್ಚಿನ ಮೊಳೆಗಳಿಗಾಗಿ ಸುರಿದನು. ಕಾಗದ ನುಣುಪಾಗಬೇಕು, ಮಸಿ ಕಡುಗಪ್ಪಾಗಬೇಕು, ಅಕ್ಷರದ ರೇಖೆ ಕಣ್ಣಿಗೆ ಹಿತವಾಗಬೇಕೆಂದು ವರ್ಷಗಟ್ಟಲೆ ಶ್ರಮಿಸಿ 1757ರಲ್ಲಿ ಅವನು ಹೊರತಂದುದು ಲ್ಯಾಟಿನ್ ಮಹಾಕವಿ ವರ್ಜಿಲನ ಕೃತಿಗಳನ್ನು. ಅವನ ಹೆಸರಿನ ಅಕ್ಷರವಿನ್ಯಾಸ ಇಂದಿನ ಗಣಕಯಂತ್ರಗಳಲ್ಲಿಯೂ ಉಳಿದು ಬಂದಿದೆ.

ಅದೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಲೂನಾರ್ ಸೊಸೈಟಿ, ಅಂದರೆ ಚಾಂದ್ರಗೋಷ್ಠಿಯೆಂಬ ಸ್ನೇಹಕೂಟವೊಂದು ನಡೆಯುತ್ತಿದ್ದಿತು. ರಾತ್ರಿ ಮನೆಗೆ ಮರಳಲು ದಾರಿಗೆ ಬೆಳದಿಂಗಳಿರಲೆಂದು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದುದರಿಂದ ಆ ಹೆಸರು ಬಂದಿತು. ಸೋಹೋ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನ್, 1775ರಲ್ಲಿ ಅವನೊಡನೆ ಪಾಲುದಾರನಾಗಿ ಆವಿಯಂತ್ರವನ್ನು ಬಳಕೆಗೆ ತಂದ ಜೇಮ್ಸ್ ವಾಟ್, ಆಮ್ಲಜನಕದ ಶೋಧಕರಲ್ಲೊಬ್ಬನಾದ ಜೋಸೆಫ್ ಪ್ರೀಸ್ಟ್ಲಿ, ವೈದ್ಯ ವಿಲಿಯಂ ವಿದರಿಂಗ್ ಮೊದಲಾದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಚರ್ಚಿಸುತ್ತಿದ್ದರು. ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ ಆ ಬಳಗದ ವೈದ್ಯಕವಿ. ಸಸ್ಯಶಾಸ್ತ್ರವನ್ನೂ ಆವಿಯಂತ್ರವನ್ನೂ ಅವನು ಪದ್ಯದಲ್ಲಿ ಹಾಡಿದನು. ಯಂತ್ರ ಮಾಡಿದವನಿಗೆ ಕಾವ್ಯ ಹೊರಗಿನದಾಗಿರಲಿಲ್ಲ, ಕವಿಗೆ ಯಂತ್ರ ಮೈಲಿಗೆಯಾಗಿರಲಿಲ್ಲ.

ಈ ಸೌಹಾರ್ದಕ್ಕೆ ಪೆಟ್ಟು ಬಿದ್ದುದು 1791ರ ಜುಲೈ ತಿಂಗಳಲ್ಲಿ. ಪ್ರೀಸ್ಟ್ಲಿ ರಾಜಮಾನ್ಯ ಚರ್ಚಿನ ಮತವನ್ನು ಒಪ್ಪದವನು, ಫ್ರೆಂಚ್ ಕ್ರಾಂತಿಯನ್ನು ಸ್ವಾಗತಿಸಿದವನು. ಈ ಕಾರಣಕ್ಕಾಗಿ ರೊಚ್ಚಿಗೆದ್ದ ಗುಂಪು ಅವನ ಮನೆಯನ್ನೂ ಗ್ರಂಥಭಂಡಾರವನ್ನೂ ಪ್ರಯೋಗಶಾಲೆಯನ್ನೂ ನಾಶಮಾಡಿತು. ಬಾಸ್ಕರ್‌ವಿಲ್ಲನು ಹಿಂದೆ ವಾಸಿಸಿದ್ದ ಮನೆಯೂ ಅದೇ ಗಲಭೆಯಲ್ಲಿ ಬೆಂಕಿಗೆ ಆಹುತಿಯಾಯಿತು. ಪ್ರೀಸ್ಟ್ಲಿ ಲಂಡನ್ನಿಗೆ ಹೋಗಿ, 1794ರಲ್ಲಿ ಅಮೆರಿಕೆಗೆ ತೆರಳಿದನು. ನಗರವು ತನ್ನ ಪಂಡಿತನೊಬ್ಬನನ್ನು ತಾನೇ ಓಡಿಸಿದಂತಾಯಿತು.

ಇನ್ನು ನಿಬ್ಬಿನ ಕಥೆ. ಜೋಸೈಯಾ ಮೇಸನ್ 1795ರಲ್ಲಿ ಕಿಡರ್‌ಮಿನ್‌ಸ್ಟರ್ ಎಂಬ ಊರಿನ ಬಡ ಜಮಖಾನೆ ನೇಕಾರರ ಮನೆಯಲ್ಲಿ ಜನಿಸಿದನು. ಎಂಟನೆಯ ವಯಸ್ಸಿನಲ್ಲಿ ಬೀದಿಯಲ್ಲಿ ತಿಂಡಿ ಮಾರಿದ ಬಾಲಕ, ಬರ್ಮಿಂಗ್‌ಹ್ಯಾಮಿಗೆ ಬಂದು ನಿಬ್ಬು ತಯಾರಿಸುವವರಲ್ಲಿ ಅಗ್ರಗಣ್ಯನಾದನು. ಗಳಿಸಿದುದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. ಮೊದಲು ಅನಾಥಾಲಯವನ್ನು ಕಟ್ಟಿಸಿದನು. ಬಳಿಕ 1875ರಲ್ಲಿ ತನ್ನ ಎಂಬತ್ತನೆಯ ಹುಟ್ಟುಹಬ್ಬದಂದು ವಿಜ್ಞಾನ ಕಾಲೇಜೊಂದಕ್ಕೆ ಶಂಕುಸ್ಥಾಪನೆ ಮಾಡಿದನು. 1880ರಲ್ಲಿ ತೆರೆದ ಆ ಕಾಲೇಜಿನಿಂದಲೇ 1900ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ರೂಪುಗೊಂಡಿತು. ದಾನವೆಂದರೆ ಹೀಗಿರಬೇಕು.

ಆದರೆ ಆ ದಾನಪತ್ರದಲ್ಲಿ ಒಂದು ಷರತ್ತಿದ್ದಿತು. ಪಕ್ಷರಾಜಕೀಯ ಮತ್ತು ಮತಶಾಸ್ತ್ರಗಳ ಜೊತೆಗೆ, ಕೇವಲ ಸಾಹಿತ್ಯದ ಬೋಧನೆಗೂ ಆ ಕಾಲೇಜಿನಲ್ಲಿ ಎಡೆಯಿರಕೂಡದು ಎಂಬುದು ಅದು. ಲೋಕಕ್ಕೆಲ್ಲ ಲೇಖನಿಯ ಮೊನೆ ಒದಗಿಸಿದವನು ಸಾಹಿತ್ಯವನ್ನು ಬಾಗಿಲಾಚೆ ನಿಲ್ಲಿಸಿದನು! ಉದ್ಘಾಟನೆಯಂದು ಭಾಷಣ ಮಾಡಿದ ಥಾಮಸ್ ಹಕ್ಸ್‌ಲಿ ಈ ಷರತ್ತನ್ನು ಸಮರ್ಥಿಸಿದನು. ಎರಡು ವರ್ಷಗಳ ತರುವಾಯ ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಕೇಂಬ್ರಿಜ್‌ನಲ್ಲಿ ಅದಕ್ಕೆ ಉತ್ತರ ಹೇಳಿದನು.

ಸಾಹಿತ್ಯದ ಅಧ್ಯಾಪಕರು ಇದನ್ನು ಓದಿ ಮುನಿಯುವ ಮೊದಲು ಮೇಸನ್ನನ ಪಕ್ಷವನ್ನೂ ಕೇಳಬೇಕು. ಆ ದೇಶದಲ್ಲಿ ಆಗ ವಿದ್ಯೆಯೆಂದರೆ ಗ್ರೀಕ್, ಲ್ಯಾಟಿನ್ ಎಂಬ ಭಾವನೆ ಬೇರೂರಿದ್ದಿತು. ದುಡಿಯುವವರ ಮಕ್ಕಳಿಗೆ ಆ ಬಾಗಿಲು ತೆರೆಯುತ್ತಿದ್ದುದು ಅಪರೂಪ. ತಮ್ಮನ್ನು ಹೊರಗಿಟ್ಟ ವಿದ್ಯೆಯನ್ನು ಹೊರಗಿಟ್ಟುದು ಸಹಜವೇ. ಪಾಂಡಿತ್ಯವು ದುಡಿಮೆಯನ್ನು ಕೀಳಾಗಿ ಕಂಡರೆ, ದುಡಿಮೆ ಪಾಂಡಿತ್ಯವನ್ನು ನಿರುಪಯುಕ್ತವೆಂದು ಕಾಣುತ್ತದೆ. ಈ ಎರಡನೆಯ ದೋಷಕ್ಕೆ ಮೊದಲನೆಯದೇ ಮೂಲವೆಂಬುದನ್ನು ಪಂಡಿತರು ಒಪ್ಪಿಕೊಳ್ಳಬೇಕು.

ಆದರೂ ಷರತ್ತು ಸರಿಯಾದುದಲ್ಲ. ಅದಕ್ಕೆ ಸಾಕ್ಷಿ ಅದೇ ನಗರದಲ್ಲಿದೆ. ಚಾಂದ್ರಗೋಷ್ಠಿಯ ಸದಸ್ಯನಾದ ಸ್ಯಾಮ್ಯುಯೆಲ್ ಗಾಲ್ಟನ್ ವಿಜ್ಞಾನಪ್ರಿಯನು, ಯುದ್ಧವನ್ನು ನಿಷೇಧಿಸಿದ ಕ್ವೇಕರ್ ಪಂಥದವನು. ಅವನ ಮನೆತನದ ಉದ್ಯಮ ಮಾತ್ರ ಬಂದೂಕು. ಬರ್ಮಿಂಗ್‌ಹ್ಯಾಮಿನ ಬಂದೂಕುಗಳು ಆಫ್ರಿಕದ ಗುಲಾಮ ವ್ಯಾಪಾರದಲ್ಲಿ ವಿನಿಮಯದ ಸರಕಾಗಿದ್ದವು. ಪಂಥದವರು 1795ರಲ್ಲಿ ಆಕ್ಷೇಪಿಸಿದಾಗ ಅವನು ತನ್ನ ಉದ್ಯಮವನ್ನು ಸಮರ್ಥಿಸಿಕೊಂಡನು. ಮರುವರ್ಷ ಅವರು ಅವನನ್ನು ದೂರ ಮಾಡಿದರು. ನಳಿಗೆಯನ್ನು ಕೊರೆಯುವ ಬಗೆಯನ್ನು ಶಾಸ್ತ್ರ ತಿಳಿಸೀತು. ಅದರ ಗುರಿಯಲ್ಲಿ ನಿಂತವನ ಸಂಕಟವನ್ನು ತಿಳಿಸಲು ಮಾತು ಬೇಕು, ಕಥೆ ಬೇಕು, ಚರಿತ್ರೆ ಬೇಕು. ಇದನ್ನು ಅರಿತೇ ಎಂಬಂತೆ ಕಾಲಕ್ರಮದಲ್ಲಿ ಮೇಸನ್ನನ ಸಂಸ್ಥೆಯೂ ಭಾಷೆ ಸಾಹಿತ್ಯಗಳನ್ನು ಒಳಕ್ಕೆ ಬರಮಾಡಿಕೊಂಡಿತು.

ಮೇಸನ್ ಕಟ್ಟಿಸಿದ ಕಾಲೇಜಿನ ಕಟ್ಟಡ 1960ರ ದಶಕದಲ್ಲಿ ನೆಲಸಮವಾಯಿತು. 2013ರಲ್ಲಿ ನಗರವು ಭವ್ಯವಾದ ಹೊಸ ಗ್ರಂಥಾಲಯವನ್ನು ತೆರೆಯಿತು. ಬೋಲ್ಟನ್ ಮತ್ತು ವಾಟ್ ಇವರ ಕಾಗದಪತ್ರಗಳು ಅಲ್ಲಿ ಸುರಕ್ಷಿತವಾಗಿವೆ. ಹತ್ತೇ ವರ್ಷಗಳಲ್ಲಿ, 2023ರ ಸೆಪ್ಟೆಂಬರಿನಲ್ಲಿ, ನಗರಸಭೆ ತನ್ನ ಬೊಕ್ಕಸ ಬರಿದಾಯಿತೆಂದು ಸಾರಬೇಕಾಯಿತು. ಅನಂತರದ ಮಿತವ್ಯಯದಲ್ಲಿ ಬಡಾವಣೆಗಳ ಗ್ರಂಥಾಲಯಗಳಿಗೂ ಕತ್ತರಿ ಬಿದ್ದಿತು. ಹಣಕ್ಕೆ ಅಭಾವ ಬಂದಾಗ ಪುಸ್ತಕವೇ ಮೊದಲು ಅನಗತ್ಯವಾಗಿ ಕಾಣುವುದು ಯಾವ ಊರಿಗೂ ಹೊಸದಲ್ಲ.

ಶಾಲೆಗೆ ದಾನ ನೀಡುವ ಮಹನೀಯರು ಪ್ರಯೋಗಶಾಲೆಯನ್ನು ಕಟ್ಟಿಸಲಿ, ಗಣಕಯಂತ್ರಗಳನ್ನು ಕೊಡಿಸಲಿ. ಅದು ಸ್ತುತ್ಯವಾದ ಕಾರ್ಯ. ಅದರ ಪಕ್ಕದಲ್ಲಿ ಒಂದು ಪುಸ್ತಕದ ಕಪಾಟನ್ನೂ, ಅದರ ಬೀಗ ತೆಗೆದು ಮಕ್ಕಳ ಕೈಗೆ ಪುಸ್ತಕ ಕೊಡುವ ಉಪಾಧ್ಯಾಯನನ್ನೂ ಮರೆಯದಿರಲಿ. ನಿಬ್ಬು ಎಷ್ಟೇ ಗಟ್ಟಿಯಾಗಿದ್ದರೂ ಬರೆಯಲು ಮಾತಿರಬೇಕಲ್ಲವೆ?