ಕಾವು ಉದ್ದವಾಗಿರಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಕಬ್ಬಿಣವು ಹೊಸತಲ್ಲ. ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳ ಕಾಲದ ಕಬ್ಬಿಣದ ವಸ್ತುಗಳು ದೊರೆತಿವೆ. ಇಂದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಎರೆಭೂಮಿ ಬತ್ತದ ಕಣಜವಾಗಿದೆ. ಉಳುಮೆಗೂ ಕೊಯ್ಲಿಗೂ ಯಂತ್ರಗಳು ಬಂದಿವೆ. ಆದರೆ ಹಿತ್ತಲಿನ ತರಕಾರಿ ಮಡಿಯ ಅಗೆತ, ತಿಪ್ಪೆಯ ಗೊಬ್ಬರದ ಸಾಗಣೆ, ಬದುವಿನ ಕಳೆ ಇವೆಲ್ಲ ಇನ್ನೂ ಮನುಷ್ಯನ ಬೆನ್ನಿನ ಮೇಲೆಯೇ ನಿಂತಿವೆ. ಈ ಕೆಲಸಕ್ಕೆ ಕೊಡುವ ಗುದ್ದಲಿಯ ಕಾವು ಸಾಮಾನ್ಯವಾಗಿ ಗಿಡ್ಡ. ಅದು ಉಳಿತಾಯದಂತೆ ತೋರುತ್ತದೆ. ವಾಸ್ತವದಲ್ಲಿ ಅದು ದುಬಾರಿಯ ವ್ಯಯವೆಂಬುದು ನನ್ನ ಅಭಿಪ್ರಾಯ.

ಸರಳವಾದ ಲೆಕ್ಕವೊಂದನ್ನು ನೋಡೋಣ. 60 ಕಿಲೋಗ್ರಾಂ ತೂಕದ ವ್ಯಕ್ತಿಯ ಸೊಂಟದಿಂದ ಮೇಲಿನ ಭಾಗವು ಸುಮಾರು 35 ಕಿಲೋಗ್ರಾಂ. ಪೂರ್ಣವಾಗಿ ಬಗ್ಗಿದಾಗ ಈ ಭಾರದ ಗುರುತ್ವಕೇಂದ್ರವು ಸೊಂಟದ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಾದರೋ ಬೆನ್ನುಮೂಳೆಯಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿವೆ. ಸನ್ನೆಕೋಲಿನ ನಿಯಮದಂತೆ ಆ ಸ್ನಾಯುಗಳು ಆರು ಪಟ್ಟು, ಎಂದರೆ ಸುಮಾರು 210 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನು ಪ್ರಯೋಗಿಸಬೇಕು. ಗುದ್ದಲಿಯನ್ನು ಎತ್ತುವ ಮೊದಲೇ ತೆರಬೇಕಾದ ಸುಂಕವಿದು!

ಇದು ಪುಸ್ತಕದ ಮಾತು ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗಿಡ್ಡ ಕಾವಿನ ಗುದ್ದಲಿಯಿಂದ ಬೆನ್ನು ಕೆಡಿಸಿಕೊಂಡ ಕೂಲಿಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ನಾಜೂಕಿನ ಕೆಲಸಕ್ಕೆ ಗಿಡ್ಡ ಕಾವೇ ಬೇಕೆಂದು ಜಮೀನುದಾರರು ವಾದಿಸಿದರು. 1975ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಕೂಲಿಗಾರರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಅದರ ಬಳಕೆ ನಿಷಿದ್ಧವಾಯಿತು.

ನಮ್ಮ ಎರೆಭೂಮಿಗೆ ಉದ್ದ ಕಾವಿನ, ನಾಲ್ಕು ಉಕ್ಕಿನ ಹಲ್ಲುಗಳ ಫೋರ್ಕು ಒಳ್ಳೆಯ ಸಾಧನ. ಒದ್ದೆಯಾದ ಎರೆಮಣ್ಣು ಸಲಿಕೆಯ ಅಗಲವಾದ ತಗಡಿಗೆ ಮೆತ್ತಿಕೊಳ್ಳುತ್ತದೆ. ಹಲ್ಲುಗಳಲ್ಲಿ ಅಂಟಿಕೊಳ್ಳಲು ಸ್ಥಳವೇ ಕಡಿಮೆ. ಆದರೆ ಒಣಗಿ ಬಿರುಕುಬಿಟ್ಟ ನೆಲವು ಕಲ್ಲಿನಷ್ಟು ಗಟ್ಟಿ. ಹದವಾದ ತೇವವಿರುವಾಗಲೇ ಅಗೆಯತಕ್ಕದ್ದು.

ಕೊಳ್ಳುವಾಗ ಕಾವು ನಿಂತವನ ಹೆಗಲಿನ ಎತ್ತರಕ್ಕೆ ಬರುವುದೇ ಎಂದು ನೋಡಬೇಕು. ಉದ್ದ ಕಾವು ಬಲವನ್ನು ಹೆಚ್ಚಿಸುವಂತೆಯೇ ತನ್ನ ಕೊರಳಿನ ಮೇಲಣ ಒತ್ತಡವನ್ನೂ ಹೆಚ್ಚಿಸುತ್ತದೆ, ಮುರಿಯುವುದು ಅಲ್ಲಿಯೇ. ಆದುದರಿಂದ ಕಾವನ್ನು ಆಳವಾಗಿ ಹಿಡಿಯುವ ಕೊಳವೆಯುಳ್ಳದ್ದನ್ನೇ ಆರಿಸಿರಿ. ದುಂಡು ಕಾವಿನ ದಾರ್ಢ್ಯವು ಅಡ್ಡಳತೆಯ ಘನಕ್ಕೆ ಅನುಗುಣವಾಗಿರುತ್ತದೆ: 30 ಮಿಲಿಮೀಟರಿಗೆ ಬದಲು 36 ಇದ್ದರೆ ದಾರ್ಢ್ಯವು ಸುಮಾರು 1.7 ಪಟ್ಟಾಗುತ್ತದೆ. ಜಾಲಿಯ ಮರ ಉತ್ತಮ. ಎಳೆಗಳು ತುದಿಯಿಂದ ತುದಿಗೆ ನೇರವಾಗಿರಬೇಕು, ಗಂಟುಗಳಿರಬಾರದು.

ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸುವ ಪದ್ಧತಿಯುಂಟು. ಮರವು ಉಬ್ಬಿ ಬಿಗಿಯಾಗುವುದು ನಿಜ. ಒಣಗಿದೊಡನೆ ಕುಗ್ಗಿ ಮತ್ತೆ ಸಡಿಲವಾಗುತ್ತದೆ. ಬೆಣೆ ಬಡಿಯುವುದೇ ಸರಿಯಾದ ಉಪಾಯ. ವರ್ಷಕ್ಕೊಮ್ಮೆ ಕಾವಿಗೆ ಅಗಸೆ ಎಣ್ಣೆಯನ್ನು ತಿಕ್ಕಿದರೆ, ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗಿ ತೇವವನ್ನು ತಡೆಯುತ್ತದೆ. ಹಲ್ಲುಗಳ ಮಣ್ಣನ್ನು ಅಂದಂದೇ ತೊಳೆದು, ಒರೆಸಿ, ಎಣ್ಣೆ ಸವರಿಡಬೇಕು. ಬಾಗಿದ ಹಲ್ಲನ್ನು ಕಮ್ಮಾರನ ಕುಲುಮೆಗೆ ಒಯ್ಯಿರಿ.

ಸಸಿಗಳ ನಡುವಣ ಸೂಕ್ಷ್ಮವಾದ ಕಳೆ ಕೀಳಲು ಗಿಡ್ಡ ಹಿಡಿಯ ಸಾಧನ ಬೇಕಾಗಬಹುದು. ಅದು ಅಪವಾದವಾಗಿರಲಿ, ನಿಯಮವಾಗದಿರಲಿ. ವಿದ್ಯಾರ್ಥಿಗಳು ತಮ್ಮ ಮನೆಯ ಗುದ್ದಲಿ ಸಲಿಕೆಗಳ ಕಾವನ್ನೂ, ಅವನ್ನು ಹಿಡಿಯುವವರ ಎತ್ತರವನ್ನೂ ಅಳೆದು ನೋಡಲಿ. ಮುರಿದ ಕಾವನ್ನು ಬದಲಿಸಬಹುದು. ಸವೆದ ಬೆನ್ನುಮೂಳೆಗೆ ಬದಲಿ ದೊರೆಯುವುದಿಲ್ಲ.